ಟವೆಲ್ಲಿನ ಮರೆಯ ಬೆರಳುಗಳು

ತುಮಕೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳೂ ಊರಿನ ಕೆಲವು ಆಸಕ್ತರೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಹಿಂದಿನ ಸಾಲಿನವರೇ ಹೆಚ್ಚು. ಮುಂದೆ ಕುಳಿತವರು ಪೇಟೆಯ ಮಕ್ಕಳು ಎಂದು ಕಾಣುತ್ತದೆ, ಅವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆರನೇ ತರಗತಿಯಲ್ಲಿದ್ದಾಗ ತಾತ ನನ್ನನ್ನು ಆ ಜಾತ್ರೆಗೆ ಕರೆದುಕೊಂಡು ಹೋಗಿದ್ದರು. ಒಂದು ಜೊತೆ ಹಳ್ಳಿಕಾರ್ ಹೋರಿ ಕೊಳ್ಳುವುದಿತ್ತು. ಹಲ್ಲು ಎಣಿಸಿದ್ದಾಯಿತು, ಸುಳಿ ನೋಡಿದ್ದಾಯಿತು, ನಾಲ್ಕು ಹೆಜ್ಜೆ ನಡೆಸಿ ನೋಡಿದ್ದೂ ಆಯಿತು. ಆಮೇಲೆ ದಳ್ಳಾಳಿ ಹೆಗಲ ಮೇಲಿನ ಟವೆಲ್ ತೆಗೆದು ತಾತನ ಕೈಯ ಮೇಲೆ ಹೊದಿಸಿ, ಅದರ ಮರೆಯಲ್ಲಿ ಅವರ ಬೆರಳು ಹಿಡಿದ. ಇಷ್ಟು ಬೆರಳು ಹಿಡಿದರೆ ಇಷ್ಟು ಸಾವಿರ, ಹೀಗೆ ಒತ್ತಿದರೆ ಇಷ್ಟು ನೂರು. ಸುತ್ತ ಇಪ್ಪತ್ತು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರು, ಅವರಲ್ಲಿ ನಾನೂ ಒಬ್ಬ. ತಾತ ಒಮ್ಮೆ ತಲೆ ಅಲ್ಲಾಡಿಸಿ ಕೈ ಹಿಂದಕ್ಕೆ ಎಳೆದುಕೊಂಡರು. ದಳ್ಳಾಳಿ ಮತ್ತೆ ಕೈ ಹಿಡಿದ. ಹೋರಿ ಮನೆಗೆ ಬಂತು. ಎಷ್ಟಕ್ಕೆ ಬಂತು ಎಂಬುದು ಅಜ್ಜಿಗೂ ಸರಿಯಾಗಿ ಗೊತ್ತಾಗಲಿಲ್ಲ.

ನಾನು ಇವತ್ತು ಹೇಳಬೇಕಾದದ್ದೆಲ್ಲ ಆ ಟವೆಲ್ಲಿನ ಕೆಳಗೆ ಇದೆ. ಇಬ್ಬರ ನಡುವಿನ ಮಾತು ಆ ಇಬ್ಬರಿಗೆ ಮಾತ್ರ ತಿಳಿಯಬೇಕು, ನಡುವೆ ನಿಂತವರು ಎಷ್ಟೇ ಹತ್ತಿರದವರಾದರೂ ತಿಳಿಯಬಾರದು. ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಎಂದರೆ ಇಷ್ಟೇ. ಈ ತುದಿಯ ಫೋನಿನಲ್ಲಿ ಸಂದೇಶಕ್ಕೆ ಬೀಗ ಬೀಳುತ್ತದೆ, ಆ ತುದಿಯ ಫೋನಿನಲ್ಲಿ ತೆರೆಯುತ್ತದೆ. ನಡುವಿನ ಸರ್ವರ್ ಬೀಗ ಹಾಕಿದ ಪೆಟ್ಟಿಗೆಯನ್ನು ಹೊರುವ ಹಮಾಲಿ, ಕೀಲಿ ಅವನ ಬಳಿ ಇರುವುದಿಲ್ಲ.

ಟವೆಲ್ ಏನನ್ನು ಮುಚ್ಚುವುದಿಲ್ಲ ಎಂಬುದನ್ನೂ ನೋಡಿ. ಯಾರು ಯಾರ ಕೈ ಹಿಡಿದಿದ್ದಾರೆ, ಎಷ್ಟು ಹೊತ್ತು ಹಿಡಿದರು, ಎಷ್ಟು ಸಲ ಬಿಟ್ಟು ಹಿಡಿದರು, ಎಲ್ಲವೂ ಬಯಲಿನಲ್ಲೇ ಇತ್ತು. ಇದನ್ನು ಮೆಟಾಡೇಟಾ ಎನ್ನುತ್ತೇವೆ. ರಾತ್ರಿ ಹನ್ನೊಂದಕ್ಕೆ ನೀವು ಒಬ್ಬ ವಕೀಲರಿಗೆ ನಲವತ್ತು ಸಂದೇಶ ಕಳಿಸಿದಿರಿ ಎಂದರೆ ಒಳಗೆ ಏನಿದೆ ಎಂದು ಓದಲೇಬೇಕೆ? ಇನ್ನೊಂದು ಅಪಾಯವೂ ಇದೆ. ಖದೀಮ ದಳ್ಳಾಳಿ ಮಾರುವವನ ಕೈಯಲ್ಲಿ ಒಂದು ಬೆಲೆ ಒತ್ತಿ, ಕೊಳ್ಳುವವನ ಕೈಯಲ್ಲಿ ಇನ್ನೊಂದು ಒತ್ತಿ, ನಡುವಿನದನ್ನು ಜೇಬಿಗೆ ಇಳಿಸಬಹುದು. ಎರಡು ಟವೆಲ್ಲೂ ಭದ್ರವಾಗಿಯೇ ಇವೆ, ಮೋಸವೂ ನಡೆದಿದೆ. ಇದಕ್ಕೆ ಮತ್ತೆ ಬರುತ್ತೇನೆ.

ಬ್ರೌಸರಿನ ಮೇಲ್ತುದಿಯಲ್ಲಿ ಒಂದು ಬೀಗದ ಚಿತ್ರ ನೋಡಿರುತ್ತೀರಿ. ಅದೂ ಎನ್‌ಕ್ರಿಪ್ಷನ್ನೇ, ಆದರೆ ನಿಮ್ಮ ಫೋನಿನಿಂದ ಕಂಪನಿಯ ಸರ್ವರ್‌ವರೆಗೆ ಮಾತ್ರ. ಅಲ್ಲಿ ಪೆಟ್ಟಿಗೆ ಬಿಚ್ಚಿ, ಓದಿ, ಡೇಟಾಬೇಸಿಗೆ ಸೇರಿಸಿ, ಮತ್ತೆ ಬೀಗ ಹಾಕಿ ಆ ಕಡೆಗೆ ಕಳಿಸುತ್ತಾರೆ. ಈ ಎರಡನ್ನೂ ಒಂದೇ ಎಂದು ಹೇಳಿಕೊಳ್ಳುವವರಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ನಾವೆಲ್ಲ ಝೂಮ್‌ನಲ್ಲಿ ಪಾಠ ಕೇಳಿದೆವಲ್ಲ, ಆ ಕಂಪನಿ ತನ್ನ ಮೀಟಿಂಗ್‌ಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ ಎಂದು ಪ್ರಚಾರ ಮಾಡಿತ್ತು. ಮೀಟಿಂಗಿನ ಕೀಲಿಗಳು ಅದರ ಸರ್ವರ್‌ಗಳಲ್ಲೇ ಇದ್ದವು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. ಆ ವರ್ಷದ ನವೆಂಬರ್‌ನಲ್ಲಿ ರಾಜಿ ಆಯಿತು. ಅಷ್ಟರೊಳಗೆ, ಅಕ್ಟೋಬರ್‌ನಲ್ಲಿ, ನಿಜವಾದ ಸೌಲಭ್ಯವೂ ಬಂದಿತ್ತು. ಆದ್ದರಿಂದ ಯಾರೇ ಆ ಪದ ಬಳಸಿದರೂ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಕೀಲಿ ಯಾರ ಹತ್ತಿರ ಇದೆ?

ಈಗ ನನ್ನ ಕಥೆ. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆ ಒಂದು ಆ್ಯಪ್ ಮಾಡಿತ್ತು. ಮನಸ್ಸಿನ ತೊಂದರೆಯಲ್ಲಿರುವವರು ಆಪ್ತಸಮಾಲೋಚಕರ ಜೊತೆ ಬರಹದಲ್ಲಿ ಮಾತಾಡುವ ಆ್ಯಪ್. ಹಳ್ಳಿಯ ಹೆಣ್ಣುಮಕ್ಕಳೇ ಹೆಚ್ಚು ಬಳಸುತ್ತಿದ್ದರು. ಎದುರು ಕುಳಿತು ಹೇಳಲಾಗದ್ದನ್ನು ಬರೆಯಬಹುದು ಎಂಬುದೇ ಅದರ ಗುಣ. ಒಂದು ದಿನ ಕೆಲವು ಸಂದೇಶಗಳಲ್ಲಿ ಕನ್ನಡ ಅಕ್ಷರಗಳು ಚೌಕಚೌಕವಾಗಿ ಕಾಣುತ್ತಿವೆ ಎಂದು ದೂರು ಬಂತು. ಸರಿಪಡಿಸಲು ನಾನು ಡೇಟಾಬೇಸ್ ತೆರೆದೆ. ಮೊದಲ ಸಾಲಿನಲ್ಲಿ ಏನೂ ಇರಲಿಲ್ಲ, ಎರಡನೆಯದರಲ್ಲಿ ಇರಲಿಲ್ಲ, ಮೂರನೆಯದನ್ನು ಓದುತ್ತ ಓದುತ್ತ ನನಗೆ ಬೆವರು ಬಂತು. ಊರಿನ ಹೆಸರು ಇರಲಿಲ್ಲ. ಆದರೆ ಕೆರೆ ಏರಿಯ ಮೇಲಿನ ಗುಡಿ, ಅದರ ಪಕ್ಕದ ಹುಣಸೆ ಮರ, ಸತ್ತುಹೋದ ಮಾವನ ಹೆಸರು ಇದ್ದವು. ಬರೆದವರು ಯಾರು ಎಂದು ತಿಳಿಯಿತು. ನಾನು ಅವರನ್ನು ಚಿಕ್ಕಂದಿನಿಂದ ಅತ್ತೆ ಎಂದು ಕರೆಯುತ್ತೇನೆ.

ನಾನು ಯಾರಿಗೂ ಹೇಳಲಿಲ್ಲ. ಆದರೆ ಆಮೇಲೆ ಊರಿಗೆ ಹೋದಾಗ ಅವರ ಮನೆ ಮುಂದೆ ನಿಂತು ಮಾತಾಡಿಸಲು ನನಗೆ ಆಗಲಿಲ್ಲ. ಅವರಿಗೆ ಏನೂ ಗೊತ್ತಿಲ್ಲ, ನಗುತ್ತ ಕಾಫಿ ಕುಡಿದು ಹೋಗು ಎಂದರು. ನಮ್ಮ ಸಂಸ್ಥೆಯಲ್ಲಿ ಗೋಪ್ಯತಾ ನೀತಿ ಇತ್ತು, ಸಹಿ ಹಾಕಿದ ಒಪ್ಪಂದಗಳಿದ್ದವು, ಡೇಟಾಬೇಸ್ ಡಿಸ್ಕಿನ ಮೇಲೆ ಎನ್‌ಕ್ರಿಪ್ಟ್ ಕೂಡ ಆಗಿತ್ತು. ನನಗೆ ಅಲ್ಲಿಗೆ ಪ್ರವೇಶ ಇತ್ತು, ಓದಿದೆ, ಅಷ್ಟೇ. ನಮ್ಮಲ್ಲಿ ಹಾಗೆ ಪ್ರವೇಶವಿದ್ದವರು ಒಂಬತ್ತು ಜನ. ಒಂಬತ್ತು ಜನರೂ ಒಳ್ಳೆಯವರು ಎಂದೇ ಇಟ್ಟುಕೊಳ್ಳಿ. ಅತ್ತೆಯ ಮಾನ ಆ ಒಂಬತ್ತು ಜನರ ಒಳ್ಳೆಯತನದ ಮೇಲೆ ಯಾಕೆ ನಿಂತಿರಬೇಕು? ನಾವು ಓದುವುದಿಲ್ಲ ಎಂದು ಹೇಳುವ ಬದಲು ನಮಗೆ ಓದಲು ಬರುವುದೇ ಇಲ್ಲ ಎಂದು ಹೇಳುವಂತಾಗಬೇಕು ಎಂದು ಮೀಟಿಂಗಿನಲ್ಲಿ ಕೇಳಿದೆ. ಎರಡು ತಿಂಗಳು ಸಾಕು ಎಂದೂ ಹೇಳಿದೆ. ಹದಿನಾಲ್ಕು ತಿಂಗಳು ಹಿಡಿಯಿತು.

ಆ ಹದಿನಾಲ್ಕು ತಿಂಗಳಲ್ಲಿ ಗಣಿತಕ್ಕೆ ಹೋದದ್ದು ಬಹಳ ಕಡಿಮೆ ಸಮಯ, ಆದರೂ ಗಣಿತವನ್ನು ಒಮ್ಮೆ ನೋಡಲೇಬೇಕು, ಅಷ್ಟು ಚೆನ್ನಾಗಿದೆ. ಪ್ರಶ್ನೆ ಇದು. ಇಬ್ಬರು ಎಂದೂ ಭೇಟಿಯಾಗಿಲ್ಲ. ಅವರ ನಡುವಿನ ಮಾತನ್ನು ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆ. ಹಾಗಿದ್ದೂ ಅವರಿಬ್ಬರಿಗೆ ಮಾತ್ರ ತಿಳಿದ ಒಂದು ಸಂಖ್ಯೆಯನ್ನು ಒಪ್ಪಿಕೊಳ್ಳಬಹುದೇ? ಆಗುವುದಿಲ್ಲ ಎಂದೇ ನಮ್ಮ ಬುದ್ಧಿ ಹೇಳುತ್ತದೆ. 1976ರಲ್ಲಿ ವಿಟ್‌ಫೀಲ್ಡ್ ಡಿಫೀ ಮತ್ತು ಮಾರ್ಟಿನ್ ಹೆಲ್‌ಮನ್ ಆಗುತ್ತದೆ ಎಂದು ತೋರಿಸಿದರು. ಬ್ರಿಟನ್ನಿನ ಗೂಢಚರ್ಯೆ ಸಂಸ್ಥೆಯೊಳಗೆ ಮೂವರು ಅದಕ್ಕೂ ಮೊದಲೇ ಇದೇ ದಾರಿ ಕಂಡುಕೊಂಡಿದ್ದರು, ಆದರೆ ಆ ಗುಟ್ಟು ಹೊರಬಿದ್ದದ್ದು 1997ರಲ್ಲಿ.

ಇಬ್ಬರನ್ನು ವೇದಿಕೆಗೆ ಕರೆದು ಮಾಡಿ ನೋಡೋಣ. ನೀವಿಬ್ಬರೂ ಒಂದೊಂದು ಚಿಕ್ಕ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಡಚಿ ಇಟ್ಟುಕೊಳ್ಳಿ, ಯಾರಿಗೂ ತೋರಿಸಬೇಡಿ. ನಾನು ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆಯುತ್ತೇನೆ: 5 ಮತ್ತು 23. ನಿಮ್ಮ ಗುಟ್ಟಿನ ಸಂಖ್ಯೆ ಎಷ್ಟೋ ಅಷ್ಟು 5ಗಳನ್ನು ಸಾಲಾಗಿ ಬರೆದು ಒಂದಕ್ಕೊಂದು ಗುಣಿಸಿ, 23ರಿಂದ ಭಾಗಿಸಿ, ಉಳಿದ ಶೇಷವನ್ನು ಮಾತ್ರ ಜೋರಾಗಿ ಹೇಳಿ. ಒಬ್ಬರು 10 ಎಂದರು. ಇನ್ನೊಬ್ಬರು ಮೊಬೈಲಿನಲ್ಲಿ ಲೆಕ್ಕ ಮಾಡಿ 17 ಎಂದರು. ಇಡೀ ಸಭೆ ಕೇಳಿಸಿಕೊಂಡಿತು. ಈಗ ಒಬ್ಬರು ಇನ್ನೊಬ್ಬರ ಶೇಷವನ್ನು ತೆಗೆದುಕೊಂಡು ಅದೇ ಲೆಕ್ಕವನ್ನು ತಮ್ಮ ಗುಟ್ಟಿನ ಸಂಖ್ಯೆಯಿಂದ ಮಾಡಿ. ಉತ್ತರವನ್ನು ಹೇಳಬೇಡಿ, ಚೀಟಿಯ ಹಿಂದೆ ಬರೆಯಿರಿ. ಈಗ ತೋರಿಸಿ. ಇಬ್ಬರ ಚೀಟಿಯ ಮೇಲೂ 14.

ಚೀಟಿಯ ಇನ್ನೊಂದು ಬದಿಯನ್ನೂ ತೋರಿಸಿಬಿಡಿ. ಒಬ್ಬರದು 3, ಇನ್ನೊಬ್ಬರದು 7. ಮೂರು 17ಗಳನ್ನು ಗುಣಿಸಿದರೆ 4913, 23ರಿಂದ ಭಾಗಿಸಿದರೆ ಶೇಷ 14. ಏಳು 10ಗಳನ್ನು ಗುಣಿಸಿದರೆ ಒಂದು ಕೋಟಿ, ಶೇಷ ಅದೇ 14. ನಮಗೆಲ್ಲ ಕೇಳಿಸಿದ್ದು 5, 23, 10, 17 ಮಾತ್ರ. ಇಷ್ಟು ಚಿಕ್ಕ ಸಂಖ್ಯೆಗಳಾದರೆ ನೀವು ಒಂದೊಂದಾಗಿ ಪ್ರಯತ್ನಿಸಿ 3 ಮತ್ತು 7 ಕಂಡುಹಿಡಿಯುತ್ತೀರಿ. ನಿಜವಾದ ಆ್ಯಪ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕರ್ವ್25519 ಎಂಬ ವಿಧಾನದಲ್ಲಿ ಗುಣಾಕಾರದ ಬದಲು ಒಂದು ವಕ್ರರೇಖೆಯ ಬಿಂದುಗಳ ಲೆಕ್ಕ ನಡೆಯುತ್ತದೆ, ಸಂಖ್ಯೆಗಳು 77 ಅಂಕಿಗಳಷ್ಟು ಉದ್ದ. ಆಗ ಒಂದೊಂದಾಗಿ ಪ್ರಯತ್ನಿಸುವ ಮಾತೇ ಇಲ್ಲ.

ಕೀಲಿ ಒಪ್ಪಿಗೆಯಾದ ಮೇಲೆ, ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪ್‌ನವರ ವಿಧಾನವಾದ ಸಿಗ್ನಲ್ ಪ್ರೋಟೋಕಾಲ್ ಇನ್ನೊಂದು ಕೆಲಸ ಮಾಡುತ್ತದೆ. ಪ್ರತಿ ಸಂದೇಶಕ್ಕೂ ಕೀಲಿ ಬದಲಾಗುತ್ತದೆ. ಹಳೆಯ ಕೀಲಿಯನ್ನು ಬೀಸಿ ಹೊಸ ಕೀಲಿ ತೆಗೆಯುತ್ತಾರೆ, ಹಳೆಯದನ್ನು ಅಳಿಸುತ್ತಾರೆ. ರಾಗಿ ಬೀಸಿದರೆ ಹಿಟ್ಟು ಬರುತ್ತದೆ, ಹಿಟ್ಟನ್ನು ಎಷ್ಟು ತಿರುಗಿಸಿ ಬೀಸಿದರೂ ರಾಗಿ ಬರುವುದಿಲ್ಲ. ಹಾಗಾಗಿ ಇವತ್ತು ಯಾರೋ ಫೋನಿನಿಂದ ಕೀಲಿ ಕದ್ದರೂ ನಿನ್ನೆಯವರೆಗೆ ದಾರಿಯಲ್ಲಿ ಹಿಡಿದಿಟ್ಟುಕೊಂಡಿದ್ದ ಸಂದೇಶಗಳು ತೆರೆಯುವುದಿಲ್ಲ. ಇಬ್ಬರೂ ಉತ್ತರ ಪ್ರತ್ಯುತ್ತರ ಬರೆಯುತ್ತ ಹೋದಂತೆ ಆ ಚೀಟಿ ಆಟ ಮತ್ತೆ ಮತ್ತೆ ನಡೆದು ಹೊಸ ರಾಗಿಯೂ ಬೀಳುತ್ತಿರುತ್ತದೆ, ಆದ್ದರಿಂದ ಕದ್ದವನಿಗೆ ನಾಳೆಯದೂ ಕೈಗೆ ಹತ್ತುವುದಿಲ್ಲ. ಟ್ರೆವರ್ ಪೆರಿನ್ ಮತ್ತು ಮಾಕ್ಸಿ ಮಾರ್ಲಿನ್‌ಸ್ಪೈಕ್ ರೂಪಿಸಿದ ಈ ವಿಧಾನವೇ 2016ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್‌ನ ಎಲ್ಲ ಬಳಕೆದಾರರಿಗೂ ಬಂದದ್ದು. ನಮ್ಮೂರಿನ ಹಾಲು ಡೇರಿಯ ಗುಂಪಿನಲ್ಲಿ ಬರುವ ಶುಭೋದಯದ ಗುಲಾಬಿ ಹೂಗಳೂ ಅಂದಿನಿಂದ ಇದೇ ಭದ್ರತೆಯಲ್ಲಿ ಬರುತ್ತಿವೆ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಇದನ್ನು ಅರ್ಥ ಮಾಡಿಕೊಳ್ಳಿ, ಆದರೆ ನೀವಾಗಿ ಬರೆಯಲು ಹೋಗಬೇಡಿ. ನಾನು ಬಿ.ಇ. ಓದುವಾಗ ಸ್ವಂತ ಗೂಢಲಿಪಿ ಕಟ್ಟಿದ್ದೆ. ನನಗೇ ಬಿಡಿಸಲು ಬಾರದ್ದರಿಂದ ಅದು ಬಹಳ ಭದ್ರ ಎಂದುಕೊಂಡಿದ್ದೆ. ರೂಮಿನಲ್ಲಿದ್ದ ಗೆಳೆಯ ಊಟಕ್ಕೆ ಮೊದಲು ಬಿಡಿಸಿಟ್ಟ. ವಿಧಾನವೆಲ್ಲ ಶತ್ರುವಿಗೆ ತಿಳಿದಿದ್ದರೂ ಕೀಲಿಯೊಂದು ಗುಟ್ಟಾಗಿದ್ದರೆ ಸಾಕು, ವ್ಯವಸ್ಥೆ ನಿಲ್ಲಬೇಕು ಎಂದು ಕೆರ್ಕಾಫ್ಸ್ ಎಂಬ ಭಾಷಾ ಪ್ರಾಧ್ಯಾಪಕ 1883ರಲ್ಲೇ ಬರೆದಿದ್ದಾನೆ. ಲೈಬ್ರರಿಗಳು, ಎಂದರೆ ಬೀಗ ಹಾಕುವ ಸಿದ್ಧ ಪ್ರೋಗ್ರಾಮುಗಳ ಕಟ್ಟುಗಳು ಸಿಗುತ್ತವೆ: ಲಿಬ್‌ಸೋಡಿಯಂ ಇದೆ, ಸಿಗ್ನಲ್‌ನವರದೇ ಲೈಬ್ರರಿ ಇದೆ, ಜಗತ್ತಿನ ಜನ ವರ್ಷಗಟ್ಟಲೆ ತಿವಿದು ನೋಡಿದ ಸರಕು. ಗುಂಪು ಸಂಭಾಷಣೆಗೆ ಎಂಎಲ್‌ಎಸ್ ಎಂಬ ಮಾನದಂಡ 2023ರಲ್ಲಿ ಬಂದಿದೆ, ದೊಡ್ಡ ಗುಂಪುಗಳಿದ್ದರೆ ಅದನ್ನು ನೋಡಿ.

ಲೈಬ್ರರಿ ಸೇರಿಸಿ ಎರಡು ಫೋನುಗಳ ನಡುವೆ ಮೊದಲ ಬೀಗದ ಸಂದೇಶ ಹೋದದ್ದು ಒಂಬತ್ತನೆಯ ದಿನ. ಅವತ್ತು ಸಂಜೆ ಎಲ್ಲರಿಗೂ ಮೈಸೂರುಪಾಕು ಹಂಚಿದೆ. ಉಳಿದ ಹದಿಮೂರು ಚಿಲ್ಲರೆ ತಿಂಗಳು ಎಲ್ಲಿ ಹೋಯಿತು ಎಂದರೆ, ಮಳೆಗಾಲದಲ್ಲಿ ಹೆಂಚಿನ ಮನೆಯ ಸೋರುವ ಜಾಗ ಹುಡುಕಿದ ಹಾಗೆ. ಒಂದು ಕಡೆ ಪಾತ್ರೆ ಇಡುತ್ತೀರಿ, ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ.

ಮೊದಲ ಸೋರಿಕೆ ನೋಟಿಫಿಕೇಷನ್. ಸಂದೇಶ ಬಂದಾಗ ಫೋನಿನ ಪರದೆಯ ಮೇಲೆ ಒಂದು ಸಾಲು ಮೂಡುತ್ತದಲ್ಲ, ಆ ಸಾಲು ನಮ್ಮ ಸರ್ವರ್‌ನಿಂದ ಗೂಗಲ್ ಅಥವಾ ಆ್ಯಪಲ್‌ನ ಸರ್ವರ್ ಮೂಲಕ ಫೋನಿಗೆ ಹೋಗುತ್ತದೆ. ಸರ್ವರ್‌ಗೆ ಸಂದೇಶ ಓದಲು ಬಾರದಂತೆ ಮಾಡಿದ್ದೆವು, ಆದ್ದರಿಂದ ಅದು ಎಲ್ಲಿಂದ ಆ ಸಾಲನ್ನು ತರಬೇಕು? ನಮ್ಮ ತಂಡದ ಒಬ್ಬ ಹುಡುಗ ಜಾಣ. ಕಳಿಸುವವರ ಫೋನೇ ಸಂದೇಶದ ಮೊದಲ ನಲವತ್ತು ಅಕ್ಷರಗಳನ್ನು ಬೀಗ ಹಾಕದೆ ಪ್ರತ್ಯೇಕವಾಗಿ ಸರ್ವರ್‌ಗೆ ಕೊಡುವಂತೆ ಮಾಡಿಬಿಟ್ಟ. ನೋಟಿಫಿಕೇಷನ್ ಸೊಗಸಾಗಿ ಬರತೊಡಗಿತು. ಮೂರು ವಾರ ಯಾರಿಗೂ ಅನುಮಾನ ಬರಲಿಲ್ಲ. ಮುಂಬಾಗಿಲಿಗೆ ಉಕ್ಕಿನ ಬೀಗ ಜಡಿದು ಹಿತ್ತಲ ಬಾಗಿಲನ್ನು ನಾವೇ ತೆರೆದಿಟ್ಟಿದ್ದೆವು. ಈಗ ನೋಟಿಫಿಕೇಷನ್‌ನಲ್ಲಿ ಹೋಗುವುದು ‘ಎದ್ದೇಳು, ಏನೋ ಬಂದಿದೆ’ ಎಂಬಷ್ಟು ಮಾತ್ರ. ಫೋನ್ ತಾನೇ ಸಂದೇಶವನ್ನು ತರಿಸಿಕೊಂಡು, ತೆರೆದು, ಆ ಸಾಲನ್ನು ತಾನೇ ತೋರಿಸುತ್ತದೆ.

ಎರಡನೆಯದು ಚಿತ್ರಗಳು. ದೊಡ್ಡ ಚಿತ್ರಕ್ಕೆ ಬೀಗ ಬಿತ್ತು, ಅದರ ಚಿಕ್ಕ ಪ್ರತಿಯನ್ನು ಸರ್ವರ್ ತಯಾರಿಸುವ ಹಳೆಯ ಪದ್ಧತಿಗೆ ಯಾರೂ ಕೈ ಹಚ್ಚಿರಲಿಲ್ಲ. ಮಾತ್ರೆ ಚೀಟಿಯ ಫೋಟೊ ಚಿಕ್ಕದಾದರೂ ಮಾತ್ರೆಯ ಹೆಸರು ಓದಬಹುದು. ಮೂರನೆಯದು ಆ್ಯಪ್ ಕೆಟ್ಟು ನಿಂತಾಗ ಹೋಗುವ ದೋಷ ವರದಿ. ಅದರೊಳಗೆ ಆ ಕ್ಷಣ ಪರದೆಯ ಮೇಲಿದ್ದ ಅರ್ಧ ಬರೆದ ಸಂದೇಶವೂ ಸೇರಿಕೊಂಡಿತ್ತು. ಇನ್ನೂ ಕಳಿಸದೇ ಇದ್ದ, ಬಹುಶಃ ಅಳಿಸಿಬಿಡಬೇಕೆಂದಿದ್ದ ಮಾತು. ನಾಲ್ಕನೆಯದು ಹುಡುಕಾಟ. ‘ನಿದ್ರೆ’ ಎಂದು ಬರೆದರೆ ಹಳೆಯ ಸಂದೇಶಗಳಲ್ಲಿ ಅದು ಎಲ್ಲಿದೆ ಎಂದು ಸರ್ವರ್ ಹುಡುಕಿ ಕೊಡುತ್ತಿತ್ತು, ಇನ್ನು ಅದಕ್ಕೆ ಆಗುವುದಿಲ್ಲ. ಹುಡುಕಾಟವನ್ನು ಫೋನಿನ ಒಳಗೇ ತರಬೇಕಾಯಿತು, ಅಗ್ಗದ ಫೋನುಗಳಲ್ಲಿ ಅದು ಇಂದಿಗೂ ನಿಧಾನ.

ಸಮಾಲೋಚಕರಿಗೆ ಕೋಪ ಬಂದದ್ದು ಬೇರೆ ಕಾರಣಕ್ಕೆ. ಅವರು ಕಂಪ್ಯೂಟರಿನ ಬ್ರೌಸರಿನಲ್ಲಿ ಕೆಲಸ ಮಾಡುತ್ತಿದ್ದರು, ಅದನ್ನು ನಾವು ನಿಲ್ಲಿಸಿದೆವು. ಯಾಕೆಂದರೆ ಬ್ರೌಸರಿನಲ್ಲಿ ಬೀಗ ಹಾಕುವ ಪ್ರೋಗ್ರಾಮನ್ನೂ ಪ್ರತಿ ಸಲ ನಮ್ಮ ಸರ್ವರೇ ಕಳಿಸುತ್ತದೆ. ಯಾರಿಂದ ಬಚ್ಚಿಡಬೇಕೋ ಅವರೇ ಬೀಗ ಮಾಡಿಕೊಡುವ ಕಮ್ಮಾರರಾದರೆ ಹೇಗೆ? ಒಂದು ದಿನ ಒಬ್ಬ ಗ್ರಾಹಕರಿಗೆ ಮಾತ್ರ ಬೇರೆ ಬೀಗ ಕಳಿಸಿದರೆ ಕಂಡುಹಿಡಿಯುವವರು ಯಾರು? ಫೋನಿನ ಆ್ಯಪ್‌ನಲ್ಲೂ ಈ ತೊಂದರೆ ಪೂರ್ತಿ ಇಲ್ಲವೆಂದಲ್ಲ, ಆದರೆ ಅಲ್ಲಿ ಎಲ್ಲರಿಗೂ ಒಂದೇ ಆವೃತ್ತಿ ಹೋಗುತ್ತದೆ, ತೆಗೆದು ಪರೀಕ್ಷಿಸಬಹುದು. ಕೊನೆಗೆ ಕಂಪ್ಯೂಟರಿಗೂ ಪ್ರತ್ಯೇಕ ಆ್ಯಪ್ ಮಾಡಿಕೊಟ್ಟೆವು. ಅದಕ್ಕೇ ನಾಲ್ಕು ತಿಂಗಳು ಹೋಯಿತು.

ಈಗ ಆ ಖದೀಮ ದಳ್ಳಾಳಿ. ನಿಮ್ಮ ಫೋನಿಗೆ ಸಮಾಲೋಚಕರ ಸಾರ್ವಜನಿಕ ಕೀಲಿಯನ್ನು, ಎಂದರೆ ಚೀಟಿ ಆಟದಲ್ಲಿ ಜೋರಾಗಿ ಹೇಳಿದ ಶೇಷದಂಥ ಸಂಖ್ಯೆಯನ್ನು, ತಂದುಕೊಡುವುದು ಸರ್ವರ್. ಅದು ತನ್ನದೇ ಕೀಲಿಯನ್ನು ಅವರದೆಂದು ಕೊಟ್ಟರೆ ಎರಡು ಟವೆಲ್ಲಿನ ಮೋಸ ನಡೆಯುತ್ತದೆ. ಇದಕ್ಕೆ ಮದ್ದು ಎಂದರೆ ಇಬ್ಬರೂ ಎದುರು ಬದುರು ನಿಂತು ಕೀಲಿ ಹೊಂದಿಸಿ ನೋಡುವುದು. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರ ಹೆಸರು ಒತ್ತಿ ಎನ್‌ಕ್ರಿಪ್ಷನ್ ಎಂಬಲ್ಲಿಗೆ ಹೋಗಿ, 60 ಅಂಕಿಗಳ ಒಂದು ಸಂಖ್ಯೆ ಕಾಣುತ್ತದೆ. ಅದು ಇಬ್ಬರ ಫೋನಿನಲ್ಲೂ ಒಂದೇ ಇರಬೇಕು. ಇಲ್ಲಿ ಇದನ್ನು ಎಂದಾದರೂ ಹೊಂದಿಸಿ ನೋಡಿದವರು ಯಾರಾದರೂ ಇದ್ದೀರಾ? ಒಬ್ಬರೂ ಇಲ್ಲ. ನಾನು ಹೋದಲ್ಲೆಲ್ಲ ಕೇಳುತ್ತೇನೆ, ಉತ್ತರ ಇದೇ. ನಮ್ಮಲ್ಲಿ ಒಂದು ಅನುಕೂಲವಿತ್ತು. ಸಮಾಲೋಚಕರು ತಾಲ್ಲೂಕು ಶಿಬಿರಗಳಲ್ಲಿ ಜನರನ್ನು ಒಮ್ಮೆಯಾದರೂ ಭೇಟಿಯಾಗುತ್ತಾರೆ. ಆಗಲೇ ಇವರ ಫೋನಿನ ಕ್ಯೂಆರ್ ಕೋಡನ್ನು ಅವರ ಫೋನಿಗೆ ಹಿಡಿದು ಮುಗಿಸುವಂತೆ ಮಾಡಿದೆವು. ಅದನ್ನು ‘ಪರಿಚಯ’ ಎಂದು ಕರೆದೆವು, ಭದ್ರತಾ ಪರಿಶೀಲನೆ ಎಂದು ಕರೆದಿದ್ದರೆ ಯಾರೂ ಮಾಡುತ್ತಿರಲಿಲ್ಲ.

ಒಂದು ಶಿಬಿರದಲ್ಲಿ ನಾನೂ ಕುಳಿತಿದ್ದೆ. ಬೀಗ, ಕೀಲಿ, ಸರ್ವರ್ ಎಂದು ಹತ್ತು ನಿಮಿಷ ವಿವರಿಸಿದೆ. ಎಲ್ಲ ಕೇಳಿದ ಒಬ್ಬರು, ‘ಅದೆಲ್ಲ ಇರಲಿ ಸಾರ್, ನನ್ನ ಮಗ ಫೋನ್ ತೆಗೆದುಕೊಂಡರೆ ಏನು ಮಾಡಲಿ?’ ಎಂದರು. ಮನೆಗೊಂದೇ ಫೋನು, ಮಗನಿಗೆ ಆಟವಾಡಲು ಬೇಕು, ಗಂಡನಿಗೆ ರಾತ್ರಿ ವಿಡಿಯೊ ನೋಡಲು ಬೇಕು. ಜಗತ್ತಿನ ಅತ್ಯುತ್ತಮ ಎನ್‌ಕ್ರಿಪ್ಷನ್ ಅವರ ಮನೆಯ ಹೊಸ್ತಿಲವರೆಗೆ ಬಂದು ನಿಂತಿತ್ತು. ನಾವು ತುದಿ ಎಂದರೆ ಫೋನು ಎಂದುಕೊಂಡಿದ್ದೆವು, ಅವರ ಪಾಲಿಗೆ ತುದಿ ಎಂದರೆ ತಾವು. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಚಿಕ್ಕಪ್ಪ ಬಾಂಬೆಯಿಂದ ಅಂಟಿಸಿ ಕಳಿಸಿದ ಇನ್‌ಲ್ಯಾಂಡ್ ಪತ್ರವನ್ನು ಪೋಸ್ಟ್‌ಮನ್ನೇ ಜಗಲಿಯ ಮೇಲೆ ಕುಳಿತು ಜೋರಾಗಿ ಓದುತ್ತಿದ್ದ. ಅಂಟೆಲ್ಲ ಭದ್ರವಾಗಿತ್ತು, ಓಣಿಗೆಲ್ಲ ಸಮಾಚಾರ ತಿಳಿಯುತ್ತಿತ್ತು. ಆ ಶಿಬಿರದ ನಂತರ ಆ್ಯಪ್‌ಗೇ ಪ್ರತ್ಯೇಕ ಪಿನ್ ಬಂತು, ಓದಿದ ಮೇಲೆ ತಾನಾಗಿ ಅಳಿಯುವ ಸಂದೇಶ ಬಂತು, ಐಕಾನಿನ ಹೆಸರೂ ಚಿತ್ರವೂ ಬದಲಾಯಿತು. ಈಗ ಅದು ನೋಡುವವರಿಗೆ ಪಂಚಾಂಗದ ಹಾಗೆ ಕಾಣುತ್ತದೆ.

ಪೊಲೀಸರಿಗೆ ಬೇಕಾದರೆ ಏನು ಮಾಡುತ್ತೀರಿ ಎಂದು ನೀವು ಕೇಳುತ್ತೀರಿ, ಕೇಳಬೇಕು. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು ಸಿಗ್ನಲ್‌ನವರಿಗೆ ಎರಡು ಫೋನ್ ಸಂಖ್ಯೆಗಳ ಮಾಹಿತಿ ಕೊಡಿ ಎಂದು ಆದೇಶಿಸಿತು. ಅವುಗಳಲ್ಲಿ ಒಂದಕ್ಕೆ ಮಾತ್ರ ಖಾತೆ ಇತ್ತು. ಅವರು ಕೊಟ್ಟದ್ದು ಎರಡೇ ಸಂಗತಿ: ಖಾತೆ ತೆರೆದ ಸಮಯ, ಕೊನೆಯ ಸಲ ಸರ್ವರ್‌ಗೆ ಬಂದ ದಿನ. ಬಚ್ಚಿಟ್ಟದ್ದಲ್ಲ, ಅವರ ಹತ್ತಿರ ಇದ್ದದ್ದೇ ಅಷ್ಟು. ನಮ್ಮ ದೇಶದಲ್ಲಿ 2021ರ ಐಟಿ ನಿಯಮಗಳು 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಮೆಸೇಜಿಂಗ್ ಸೇವೆಗಳು ಸಂದೇಶವನ್ನು ಮೊದಲು ಹರಿಯಬಿಟ್ಟವರನ್ನು ಗುರುತಿಸಲು ಶಕ್ತವಾಗಿರಬೇಕು ಎನ್ನುತ್ತವೆ. ವಾಟ್ಸ್‌ಆ್ಯಪ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಇನ್ನೊಂದು ಕಡೆ, ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೂಕ್ತ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೂ ದಂಡ ಬೀಳಬಹುದು.

ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲಿನಲ್ಲಿ ಹರಿದು ಅಮಾಯಕರು ಪೆಟ್ಟು ತಿಂದದ್ದು, ಸತ್ತದ್ದು ನಮಗೆ ಗೊತ್ತಿದೆ. ಆದ್ದರಿಂದ ತನಿಖೆಯವರ ಕಷ್ಟವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಪೊಲೀಸರಿಗೆ ಮಾತ್ರ ತೆರೆಯುವ ಬೀಗವನ್ನು ಗಣಿತದಲ್ಲಿ ಮಾಡಲು ಬರುವುದಿಲ್ಲ. ಒಂದು ಹೆಚ್ಚುವರಿ ಕೀಲಿ ಇದ್ದರೆ ಅದು ಎಲ್ಲೋ ಒಂದು ಕಚೇರಿಯ ಡ್ರಾಯರಿನಲ್ಲಿ ಇರುತ್ತದೆ, ಆ ಕಚೇರಿಯಲ್ಲಿಯೂ ನನ್ನಂಥವನೊಬ್ಬ ಡೇಟಾಬೇಸ್ ರಿಪೇರಿ ಮಾಡುತ್ತಿರುತ್ತಾನೆ.

ಕೊನೆಯದಾಗಿ, ನಮ್ಮನ್ನು ಅತಿ ಹೆಚ್ಚು ಕಾಡಿದ ವಿಷಯ. ಫೋನ್ ಕಳೆದುಹೋದರೆ? ಹಿಂದೆ ಪಾಸ್‌ವರ್ಡ್ ಬದಲಿಸಿಕೊಟ್ಟರೆ ಎಲ್ಲ ವಾಪಸ್ ಬರುತ್ತಿತ್ತು. ಈಗ ಕೀಲಿ ಫೋನಿನಲ್ಲಿದೆ, ಫೋನ್ ಕೆರೆಗೆ ಬಿತ್ತು, ಎರಡು ವರ್ಷದ ಮಾತುಕತೆ ಹೋಯಿತು. ಮೊದಲ ತಿಂಗಳಲ್ಲೇ ಒಬ್ಬರು ಕರೆ ಮಾಡಿ ಅತ್ತರು. ನಮ್ಮ ಸರ್ವರ್‌ನಲ್ಲಿ ಅವರ ಸಂದೇಶಗಳೆಲ್ಲ ಭದ್ರವಾಗಿದ್ದವು, ತೆರೆಯಲು ಮಾತ್ರ ಯಾರಿಂದಲೂ ಆಗುತ್ತಿರಲಿಲ್ಲ. ನಾನು ಬಯಸಿದ್ದು ಅದನ್ನೇ, ಆದರೆ ಆ ಕರೆಯನ್ನು ಎತ್ತಿಕೊಂಡ ಮೇಲೆ ಎರಡು ದಿನ ಕೆಲಸ ಮಾಡಲು ಮನಸ್ಸಾಗಲಿಲ್ಲ. ವಾಟ್ಸ್‌ಆ್ಯಪ್‌ನಂಥ ದೊಡ್ಡ ಕಂಪನಿಗೂ ಬೀಗ ಹಾಕಿದ ಬ್ಯಾಕಪ್ ಕೊಡಲು 2021ರವರೆಗೆ ಆಗಿರಲಿಲ್ಲ, ಅಷ್ಟು ತೊಡಕಿನ ಕೆಲಸ.

ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಹಣದವರು, ಫೋನ್ ಹೋದರೂ ಕೀಲಿ ಮತ್ತೆ ಸಿಗಲಿ ಎಂದು, ಅದನ್ನು ಹನ್ನೆರಡು ಪದಗಳಾಗಿ ಬರೆದುಕೊಳ್ಳುವ ಪದ್ಧತಿ ಮಾಡಿಕೊಂಡಿದ್ದಾರೆ. 2048 ಪದಗಳ ಪಟ್ಟಿಯಿಂದ ಆರಿಸಿದ ಒಂದೊಂದು ಪದವೂ 11 ಬಿಟ್, ಎಂದರೆ ಸೊನ್ನೆ ಅಥವಾ ಒಂದು ಎಂಬ ಹನ್ನೊಂದು ಅಂಕಿಗಳಷ್ಟು. ಅವರ ಅಧಿಕೃತ ಪಟ್ಟಿಗಳಲ್ಲಿ ಕನ್ನಡ ಇಲ್ಲ. ಸರಿ, ನಾವೇ ಮಾಡೋಣ ಎಂದು ಇಬ್ಬರು ಕುಳಿತೆವು. ಒತ್ತಕ್ಷರ ಬೇಡ, ಬರೆಯುವವರು ತಪ್ಪುತ್ತಾರೆ. ‘ಹುಲಿ’ ಇದ್ದರೆ ‘ಹುಳಿ’ ಇರಬಾರದು. ‘ಹಾಡು’ ಇದ್ದರೆ ‘ಆಡು’ ಇರಬಾರದು, ನಮ್ಮ ಕಡೆ ಹಕಾರ ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ನಿಮಗೇ ಗೊತ್ತು. ಬೈಗುಳ ಬೇಡ, ಸಾವಿನ ಪದ ಬೇಡ, ಬಳಸುವವರು ನೊಂದವರು. ‘ಬಾವಿ’ಯನ್ನು ತೆಗೆಯಬೇಕು ಎಂದು ಒಬ್ಬ ಸಮಾಲೋಚಕಿ ಹೇಳಿದಾಗ ನನಗೆ ತಕ್ಷಣ ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು. ಮೂರು ತಿಂಗಳ ಸಂಜೆಗಳು ಈ ಪಟ್ಟಿಗೆ ಹೋದವು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದೂ ಅದೇ.

ಆ ಹನ್ನೆರಡು ಪದಗಳನ್ನು ಜನ ಎಲ್ಲೆಲ್ಲಿ ಇಡುತ್ತಾರೆ ಗೊತ್ತೇ? ದೇವರ ಪಟದ ಹಿಂದೆ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ, ಸೀರೆಯ ಮಡಿಕೆಯಲ್ಲಿ. ಒಮ್ಮೆ ಶಿಬಿರದಿಂದ ಸಮಾಲೋಚಕಿಯ ಕರೆ ಬಂತು. ಒಬ್ಬರು ಹೊಸ ಫೋನ್ ತಂದಿದ್ದಾರೆ, ರಾಗಿ ಡಬ್ಬಿಯಲ್ಲಿ ಇಟ್ಟಿದ್ದ ಚೀಟಿಯನ್ನೂ ತಂದಿದ್ದಾರೆ, ಹನ್ನೆರಡೂ ಪದ ಹಾಕಿದರೂ ತೆರೆಯುತ್ತಿಲ್ಲ ಎಂದರು. ಪದಗಳನ್ನು ನನಗೆ ಹೇಳಬೇಡಿ ಎಂದೆ. ಹೇಳದೆ ನೀವು ಹೇಗೆ ಸರಿ ಮಾಡುತ್ತೀರಿ ಎಂದು ಅವರು ಕೇಳಿದರು, ನ್ಯಾಯವಾದ ಪ್ರಶ್ನೆ. ಅಚ್ಚು ಹಾಕಿದ ಪಟ್ಟಿ ಅವರ ಬಳಿ ಇತ್ತು. ಆ ಹೆಂಗಸಿನ ಕೈಗೇ ಅದನ್ನು ಕೊಟ್ಟು, ಚೀಟಿಯ ಒಂದೊಂದೇ ಪದ ಪಟ್ಟಿಯಲ್ಲಿದೆಯೇ ಎಂದು ಬೆರಳಿಟ್ಟು ನೋಡಲು ಹೇಳಿದೆವು. ಅರ್ಧ ಗಂಟೆ ಫೋನ್ ಕಿವಿಗೆ ಹಿಡಿದುಕೊಂಡೇ ಕಾದೆ. ಎಂಟನೆಯ ಪದ ಮಾತ್ರ ಎಲ್ಲಿಯೂ ಇಲ್ಲ. ಒಂದೇ ಒಂದು ಪದ ಹೇಳಿದರೆ ಉಳಿದ ಹನ್ನೊಂದರ ಗುಟ್ಟು ಗುಟ್ಟಾಗಿಯೇ ಇರುತ್ತದೆ, ತೆರೆದ ಮೇಲೆ ಹೊಸ ಹನ್ನೆರಡು ಕೊಡೋಣ, ಅದೊಂದನ್ನು ಹೇಳಿ ಎಂದೆ.

‘ಅಲಸು’ ಎಂದರು.

ಅದು ಹಲಸು. ತಿದ್ದಿ ಹಾಕಿದ ತಕ್ಷಣ ತೆರೆಯಿತು, ಆ ಕಡೆಯಿಂದ ಅವರು ನಕ್ಕದ್ದು ನನಗೆ ಕೇಳಿಸಿತು. ಮುಂದಿನ ವಾರದ ಆವೃತ್ತಿಯಲ್ಲಿ ಬಂದ ಬದಲಾವಣೆ ಒಂದೇ ಸಾಲಿನದು. ಈಗ ಅಲಸು ಎಂದು ಬರೆದರೂ ತೆರೆಯುತ್ತದೆ.